ಕೂಡ್ಲಿಗಿಯ ಕುವರಿ, ಅಂಕಗಳ ಮೇಲೆ ಸವಾರಿ

೧೪ ಜುಲೈ ೨೦೨೫, ಸೋಮವಾರ

ಬಸ್‌ಸ್ಟ್ಯಾಂಡಿನ ಫ್ಲೆಕ್ಸನ್ನು ಇವತ್ತು ನಾನೇ ಇಳಿಸಿ ತಂದೆ. "ಕೂಡ್ಲಿಗಿಯ ಕುವರಿ, ಅಂಕಗಳ ಮೇಲೆ ಸವಾರಿ." ಪ್ರಾಸವೂ ನನ್ನದೇ, ತಪ್ಪೂ ನನ್ನದೇ.

ಮಗಳು ಪುಷ್ಪಲತಾಗೆ ಕಾಲೇಜಿನ ಟ್ರಸ್ಟು ಬಡಮಕ್ಕಳ ನೆರವಿನಲ್ಲಿ ನಾಲ್ಕು ವರ್ಷದ ನರ್ಸಿಂಗ್ ಫೀಸು, ಹಾಸ್ಟೆಲ್ ಎರಡನ್ನೂ ಭರಿಸಲು ಒಪ್ಪಿಕೊಂಡಿತ್ತು. ಆಮೇಲೆ ಬೇರೊಂದು ಸಂಸ್ಥೆಯಿಂದ ಪ್ರತಿಭಾ ವಿದ್ಯಾರ್ಥಿವೇತನ ಬಂತು, ಒಂದೇ ವರ್ಷದ್ದು. "ತಗೊಳ್ಳೋಕಿಂತ ಮೊದ್ಲು ಟ್ರಸ್ಟಿನೋರನ್ನ ಒಂದ್ಮಾತು ಕೇಳಪ್ಪ" ಅಂದಿದ್ದಳು. ನಾನು ಕೇಳಲಿಲ್ಲ. ಸಹಿ ಹಾಕಿದೆ, ಫ್ಲೆಕ್ಸ್ ಕಟ್ಟಿಸಿದೆ, ಹೆಮ್ಮೆ ತಡೆಯದೆ ಅದರ ಫೋಟೊವನ್ನು ಟ್ರಸ್ಟಿಗೇ ಕಳಿಸಿದೆ.

ಬೆಳಿಗ್ಗೆ ಅಲ್ಲಿನ ಗುಮಾಸ್ತರು ಫೋನ್ ಮಾಡಿದರು. "ಒಬ್ರಿಗೆ ಒಂದೇ ನೆರವು ನೋಡ್ರಿ. ನಿಮ್ಮ ಹುಡುಗಿದು ಬ್ಯಾರೇರಿಗೆ ಹೋತು."

"ಆ ಸ್ಕಾಲರ್‌ಶಿಪ್ ವಾಪಸ್ ಮಾಡ್ತೀನ್ರಿ."

"ಲಿಸ್ಟ್ ಮುಗದೈತ್ರಿ."

ಪುಷ್ಪ ಅಳಲಿಲ್ಲ. ಹಾಸ್ಟೆಲಿಗೆಂದು ತುಂಬಿಟ್ಟಿದ್ದ ಟ್ರಂಕಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

"ಇಲ್ಲೇ ಬಿ.ಎ. ಮಾಡ್ತೀನಿ ಬಿಡಪ್ಪ. ನೀನೂ ಅದನ್ನೇ ಮಾಡೀಯಲ್ಲ." ನನ್ನ ಮುಖ ನೋಡದೆ, "ಪ್ರಾಸ ಮಾತ್ರ ಚಲೋ ಐತಿ" ಅಂದಳು.

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗುತ್ತಿಲ್ಲ.