ಹನ್ನೊಂದು ಕೂಗಿದ್ದು ಯಾರು

ಸುಜಯ್,

'ಪ್ರಿಯ' ಎಂದು ಬರೆಯುವುದಿಲ್ಲ. ಇದನ್ನು ನಿನಗೆ ಕಳಿಸುವುದೂ ಇಲ್ಲ.

ನಮ್ಮ ಫ್ಯಾಂಟಸಿ ಕ್ರಿಕೆಟ್ ಲೀಗಿನ ಏಲಂ ಇವತ್ತು ಸವಣೂರಿನಲ್ಲಿ, ನಮ್ಮ ಜಗಲಿಯಲ್ಲೇ ನಡೆಯಿತು. ಮುಂದಿನ ವಾರ ಪಂದ್ಯಗಳು ಶುರು. ನೀನು ಅರ್ಧ ಜನರನ್ನು ಎಬ್ಬಿಸಿಕೊಂಡು ಹೋಗಿ ಕಲ್ಲುಗುಂಡಿಯಲ್ಲಿ ಬೇರೆ ಲೀಗ್ ಕಟ್ಟಿದ ಮೇಲೆ ನಮ್ಮದು ನಿಂತೇ ಹೋಗುತ್ತದೆ ಎಂದುಕೊಂಡಿದ್ದೆಯಲ್ಲ? ನಿಲ್ಲಲಿಲ್ಲ. ಬರೀ ಕಾಗದದ ಮೇಲಿರುವ ತಂಡಗಳಿಗೋಸ್ಕರ ಗೆಳೆತನ ಮುರಿದವನು ನೀನು.

ಎಂದಿನಂತೆ ಎಲ್ಲರಿಗೂ ಒಂದೊಂದು ತೆಂಗಿನ ಗೆರಟೆ ತುಂಬ ಅಡಿಕೆ ಹಂಚಿದೆ. ಆಟಗಾರರನ್ನು ಕೂಗುವುದು ಈಗಲೂ ಅಡಿಕೆಯ ಲೆಕ್ಕದಲ್ಲೇ. ಮನೆಯಿಂದ ಕಿಸೆಯಲ್ಲಿ ಅಡಿಕೆ ತಂದು ಗೆರಟೆಗೆ ಸೇರಿಸುವ ಕಳ್ಳ ಈ ಸಲ ಇರಲಿಲ್ಲ. ನೆಮ್ಮದಿಯಾಗಿತ್ತು.

ಆಮೇಲೆ ನಿನ್ನ ಆ ಎಡಗೈ ಸ್ಪಿನ್ನರನ ಹೆಸರು ಬಂತು. ಅವನು ನನಗೆ ಯಾವತ್ತೂ ಬೇಕಿರಲಿಲ್ಲ. ನಿನ್ನ ಗೆರಟೆ ಖಾಲಿ ಮಾಡಿಸಲಿಕ್ಕೆಂದೇ ಪ್ರತಿವರ್ಷ ಕೂಗುತ್ತಿದ್ದೆ. ನೀನೋ, ಕಂಬಕ್ಕೆ ಒರಗಿ ಕೂತು, ನಾನು ಹೇಳಿದ್ದರ ಮೇಲೆ ಒಂದೇ ಒಂದು ಅಡಿಕೆ ಏರಿಸಿ ಹಲ್ಲು ಕಿರಿಯುತ್ತಿದ್ದೆ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಹತ್ತು" ಎಂದೆ.

ಯಾರೂ ಏರಿಸಲಿಲ್ಲ. ನಾನು ಕಂಬದ ಕಡೆ ನೋಡಿ "ಹನ್ನೆರಡು" ಎಂದೆ.

ಹರಾಜಿನ ಲೆಕ್ಕ ಬರೆಯುತ್ತಿದ್ದ ತೀರ್ಥರಾಮ ತಲೆಯೆತ್ತಿದ. "ಹನ್ನೊಂದು ಯಾರು ಹೇಳಿದ್ದು ಮಾರಾಯ? ನೀನು ಯಾರ ಮೇಲೆ ಏರಿಸುದು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಈ ಅವಮಾನಕ್ಕೂ ನೀನೇ ಕಾರಣ.

ಸ್ಪಿನ್ನರ್ ಈಗ ನನ್ನ ತಂಡದಲ್ಲಿದ್ದಾನೆ. ತಾಕತ್ತಿದ್ದರೆ ಬಂದು ಹದಿಮೂರು ಅನ್ನು.

ವಿಷ್ಣುಪ್ರಸಾದ್