ಹುಣಸೆಹಣ್ಣಿನ ಹೋಲಿಕೆ

ತಮ್ಮ ಉದಯನಿಗೆ,

"ಬೆಳಗಿದ ಕೈಗೇ ಮೊದಲ ಬೆಳಕು" ಎಂದು ಅವ್ವ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದಳು. ಮುಂದಿನ ಸಾಲು ನೆನಪಿಲ್ಲ. ನಿನಗಿದೆಯೇ? ಮೂರು ವಾರದಿಂದ ಆ ಒಂದೇ ಸಾಲು ತಲೆಯಲ್ಲಿ ತಿರುಗುತ್ತಿದೆ, ಅದು ಸುಳ್ಳು ಎನ್ನಿಸುತ್ತಿದೆ. ಬೆಳಗಿದ ಕೈಯನ್ನು ನಾನು ಕರ್ನೂಲಿನ ಆಸ್ಪತ್ರೆಯಲ್ಲಿ ನೋಡಿ ಬಂದೆ.

ಕೌತಾಳಂ ಕಡೆಯ ಡೇರಿಗೆ ನೀನು ಮಾಡಿಕೊಟ್ಟ ಹಾಲಿನ ಟ್ಯಾಂಕು ಹೋದ ವರ್ಷ ವಾಪಸು ಬಂದಿತ್ತಲ್ಲ, ಬೆಸುಗೆಯ ಗೆರೆಯುದ್ದಕ್ಕೂ ತುಕ್ಕು ಹಿಡಿದು. ಸ್ಟೀಲಿಗೆ ತುಕ್ಕೇ ಇಲ್ಲ ಎಂದು ನಂಬಿದ್ದವಳು ನಾನು. ಬೆಸುಗೆ ಹಾಕಿದಲ್ಲಿ ಅದು ಕಾದು ನೀಲಿಗಪ್ಪಾಗುತ್ತದೆ. ಆ ಸುಟ್ಟ ಪೊರೆಯನ್ನು ಆಸಿಡ್ ಪೇಸ್ಟ್ ಹಚ್ಚಿ ತೆಗೆದು, ತೊಳೆದು ಗಾಳಿಗೆ ಬಿಟ್ಟರೆ, ಸ್ಟೀಲು ತಾನೇ ಕಣ್ಣಿಗೆ ಕಾಣದಷ್ಟು ತೆಳುವಾದ ಹೊಸ ಪೊರೆ ಕಟ್ಟಿಕೊಳ್ಳುತ್ತದೆ. ಅದೇ ಅದರ ಕಾವಲು. ಇದೆಲ್ಲ ಗೊತ್ತಾದದ್ದು ಈ ಸಲದ ಹೊಸ ಟ್ಯಾಂಕಿಗೆಂದು ನೀನು ತರಿಸಿದ ಪೇಸ್ಟಿನ ಡಬ್ಬಿಯ ಇಂಗ್ಲಿಷ್ ಹಾಳೆ ಓದಿದಾಗ. ಓದಿ ಹೇಳು ಎಂದು ಕೊಟ್ಟವನು ನೀನೇ. ಕೈಗವಸಿಲ್ಲದೆ ಮುಟ್ಟಬಾರದು ಎಂದು ಅದರಲ್ಲಿ ಎರಡು ಕಡೆ ಇತ್ತು. ಎರಡೂ ಕಡೆ ಬೆರಳಿಟ್ಟು ತೋರಿಸಿದೆ.

"ಗ್ಲೌಸ್ ಹೇಳೀನಕ್ಕ, ಮುಂದಿನ ವಾರ ಬರ್ತಾವ. ಟ್ಯಾಂಕ್ ಮಾತ್ರ ಸೋಮವಾರಕ್ಕ ಹೋಗಬೇಕು" ಎಂದೆ ನೀನು.

ನಾನೂ ಒಪ್ಪಿಕೊಂಡೆ. ನಿನ್ನ ವರ್ಕ್‌ಶಾಪಿನಲ್ಲಿ ತೊಳೆಯುವ ಹೂವಮ್ಮನಿಗೆ ಕೆಲಸ ತಿಳಿಸು ಎಂದು ನೀನು ಹೇಳಿದಾಗ, ಸಾಹಿತ್ಯದಲ್ಲಿ ಎಂ.ಎ. ಮಾಡಿ ಮಕ್ಕಳಿಗೆ ಪದ್ಯ ಕಲಿಸುವವಳ ಚಪಲ, ಒಂದು ಹೋಲಿಕೆ ಕೊಟ್ಟೆ. ಹಿತ್ತಾಳೆಗೆ ಹುಣಸೆಹಣ್ಣು ಇದ್ದ ಹಾಗೆ, ಸ್ಟೀಲಿಗೆ ಇದು. ಆಕೆ ನಕ್ಕಳು. "ಅಷ್ಟೇನಾ ಟೀಚರಮ್ಮ? ಇಷ್ಟಕ್ಕ ಹಾಳಿ ಓದಬೇಕಾ?" ಬ್ರಷ್ಷಿನಿಂದ ಹಚ್ಚು, ಮುಟ್ಟಬೇಡ ಎಂದೂ ಹೇಳಿದೆ. ಹೋಲಿಕೆ ಹೇಳಿದಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಹುಣಸೆಹಣ್ಣನ್ನು ಯಾರು ಬ್ರಷ್ಷಿನಿಂದ ಹಚ್ಚುತ್ತಾರೆ? ಹಬ್ಬ ಬಂದರೆ ಓಣಿಯ ಕೊಡಗಳನ್ನೆಲ್ಲ ಬೆಳಗಿಕೊಡುವವಳು ಆಕೆ. ಟ್ಯಾಂಕಿನ ಮೂಲೆಗೆ ಬ್ರಷ್ಷು ಹೋಗದಿದ್ದಾಗ ಬೆರಳಲ್ಲಿ ತೆಗೆದುಕೊಂಡು ತಿಕ್ಕಿದ್ದಾಳೆ. ಆ ಆಸಿಡ್ಡು ಮೊದಲು ಉರಿಯುವುದಿಲ್ಲವಂತೆ, ಒಳಗಿಳಿದ ಮೇಲೆ ಉರಿಯುತ್ತದಂತೆ. ಸಂಜೆ ರೊಟ್ಟಿ ತಟ್ಟುವಾಗ ಬೆರಳು ಸೆಳೆಯತೊಡಗಿದವು. ಮೆಣಸಿನಕಾಯಿ ಖಾರವೆಂದು ಎಣ್ಣೆ ಸವರಿಕೊಂಡಳು. ಕೊನೆಗೆ ಆಸ್ಪತ್ರೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕತ್ತರಿಸಿದರು.

ಟ್ಯಾಂಕು ಸೋಮವಾರವೇ ಹೋಯಿತು. ಡೇರಿಯವರು ಬಹಳ ಹೊಗಳಿದರೆಂದು ನೀನು ಫೋನಿನಲ್ಲಿ ಹೇಳಿದೆ. ಸ್ಟೀಲು ಪುಣ್ಯವಂತ, ಅದಕ್ಕೆ ಹೊಸ ಚರ್ಮ ಬರುತ್ತದೆ. ಅದೇ ಫೋನಿನಲ್ಲಿ ನೀನು ಇನ್ನೊಂದು ಮಾತನ್ನೂ ಹೇಳಿದೆ. ಬುಧವಾರ ಲೇಬರ್ ಆಫೀಸಿನವರು ವಿಚಾರಣೆಗೆ ಬರುತ್ತಾರೆ: "ಗ್ಲೌಸ್ ಕೊಟ್ಟಿದ್ವಿ, ಆಕಿನೇ ಹಾಕ್ಕೊಳ್ಳಿಲ್ಲ ಅಂತ ಹೇಳಕ್ಕ. ನೀ ಓದಿದಾಕಿ, ನಿನ್ನ ಮಾತು ನಂಬ್ತಾರ."

ಉದಯ, ನನ್ನ ಮಾತನ್ನು ಹೂವಮ್ಮನೂ ನಂಬಿದ್ದಳು.

ಬುಧವಾರ ಬರುತ್ತೇನೆ. ಗ್ಲೌಸ್ ಇರಲಿಲ್ಲ ಎಂದು ಹೇಳುತ್ತೇನೆ. ಹಾಳೆ ಓದಿದವಳು, ತಿಳಿದೂ ಕೆಲಸ ನಿಲ್ಲಿಸದವಳು ನಾನು ಎಂದೂ ಹೇಳುತ್ತೇನೆ. ನಿನ್ನ ವರ್ಕ್‌ಶಾಪ್ ಮುಚ್ಚಿದರೆ ನನಗೆ ನೋವಾಗುತ್ತದೆ, ಆದರೂ ಹೇಳುತ್ತೇನೆ. ಇನ್ನು ಮೇಲೆ ಈ ಮನೆಗೆ ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಿನ್ನ ಹತ್ತೂ ಬೆರಳು ನೆಟ್ಟಗಿರಲಿ. ಅಕ್ಕನ ಹರಕೆ ಇಷ್ಟೇ.

ನಿನ್ನ ಅಕ್ಕ,
ನಾಗಜ್ಯೋತಿ
ಆದೋನಿ

ಸಹಿ ಹಾಕಿದ ಮೇಲೆ, ಆಸ್ಪತ್ರೆಯಿಂದ ಬಂದಿರುವ ಹೂವಮ್ಮನ ಮನೆಗೆ ಹೋದೆ, ಬುಧವಾರ ಹೇಳುವುದನ್ನು ಮೊದಲು ಆಕೆಗೇ ತಿಳಿಸೋಣ ಎಂದು. ಆಕೆ ಆಗಷ್ಟೇ ಮಲಗಿದ್ದಳಂತೆ. ಪಕ್ಕದ ಮನೆಯ ಶೇಷಮ್ಮ ಬಾಗಿಲಲ್ಲೇ ತಡೆದು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ:

"ಆಕಿಗೆ ನಿಮ್ಮ ಮ್ಯಾಲ ಸಿಟ್ಟಿಲ್ರಿ. 'ಟೀಚರಮ್ಮ ಸರಿಯಾಗೇ ಹೇಳಿದ್ರು, ನನಗ ತಿಕ್ಕಾಕ ಬರಲಿಲ್ಲ' ಅಂತ ಅಳ್ತಾಳ."