ಅರ್ಧ ಬಾಟಲಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದನ್ನೂ ಸಿಟ್ಟನ್ನೂ ಒಂದೇ ಸಮನೆ ಸಹಿಸಿಕೊಂಡು ಬಂದ ಅಕ್ಕನಿಗೆ, ತಂಗಿಯ ನಮಸ್ಕಾರ.

ಇವತ್ತು ಮುದ್ದಿಲ್ಲ, ಬರೀ ಸಿಟ್ಟು. ಬೆಳಿಗ್ಗೆ ಭಾವ ಬಂದರು. ಕೆಮ್ಮಿನ ಸಿರಪ್ಪಿನ ಹಳೆಯ ಬಾಟಲಿಯಲ್ಲಿ ನೀನು ತುಂಬಿ ಕಳುಹಿಸಿದ ಔಷಧಿಯನ್ನು ಎಂದಿನಂತೆ ಫ್ರಿಜ್ಜಿನಲ್ಲಿಟ್ಟು, ಕೂರದೆ ಹೊರಟರು. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ನೀನು ನಿನ್ನ ಚೂಟಿಯನ್ನು ಆಸ್ಪತ್ರೆಯ ಔಷಧಿ ಅಧ್ಯಯನದಿಂದ ಬಿಡಿಸುತ್ತೀಯೆಂದು ಗೊಣಗಿದರು. “ಬರೀ ನೀರು ಕುಡಿಸೋಕೆ ಮಗೂಗೆ ಅಷ್ಟು ಸೂಜಿ ಚುಚ್ಚಿಸ್ಬೇಕಾ” ಎಂದೆಯಂತೆ. ಅದು ನೀರೆಂದು ಅಷ್ಟು ಖಾತ್ರಿಯಿದ್ದರೆ, ನನ್ನ ಮಗನಿಗೇಕೆ ಅದರಲ್ಲಿ ಅರ್ಧ ಕಳುಹಿಸುತ್ತಿದ್ದೆ ಮಾರಾಯ್ತಿ?

ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಮದುವೆಯಾದಾಗ ನೆಂಟರೆಲ್ಲ ನಕ್ಕಿದ್ದರು, ಇನ್ನು ಜಗಳವಾದರೆ ತವರಿಗೆ ಓಡಲು ಇಬ್ಬರಿಗೂ ಒಂದೇ ಬಸ್ಸು ಸಾಕು ಎಂದು. ಮೂತ್ರಪಿಂಡದ ಒಂದೇ ಕಾಯಿಲೆ ಎರಡೂ ಮನೆಯ ಮಕ್ಕಳಿಗೆ ಬಂದೀತೆಂದು ಯಾರಿಗೆ ಗೊತ್ತಿತ್ತು? ನಿನ್ನ ಚೂಟಿಯ ಮುಖ ಊದಿದ ವರ್ಷವೇ ನನ್ನ ಗುಂಡನ ಕಾಲೂ ಊದಿತು. ಹೊಸ ಔಷಧಿಯ ಅಧ್ಯಯನಕ್ಕೆ ಚೂಟಿಯನ್ನು ಸೇರಿಸಿಕೊಂಡರು, ಗುಂಡನನ್ನು ಬೇಡವೆಂದರು. ಅವನ ಮೂತ್ರಪಿಂಡ ಆಗಲೇ ಬಹಳ ಸೋತಿದೆ, ಅಷ್ಟು ಸೋತ ಮಕ್ಕಳ ಮೇಲೆ ಪರೀಕ್ಷೆ ಮಾಡುವಂತಿಲ್ಲ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದರು. ಹೆಚ್ಚು ಕಾಯಿಲೆಯಾದವನಿಗೇ ಔಷಧಿ ಇಲ್ಲ ಎನ್ನುವ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನೀನು ಆಸ್ಪತ್ರೆಯ ಮೆಟ್ಟಿಲ ಮೇಲೇ ನನ್ನ ಕೈ ಹಿಡಿದು, “ಒಂದೇ ತಟ್ಟೇಲಿ ತಿಂದ ಮಕ್ಕಳು, ಇದನ್ನೂ ಹಂಚ್ಕೊಳ್ಳಲಿ ಬಿಡೇ” ಎಂದೆ. ಬೇಡವೆನ್ನುವ ಧೈರ್ಯ ನನಗೆ ಬರಲಿಲ್ಲ.

ಡಾಕ್ಟರಮ್ಮನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಂದು ನೀನು ಬೈಯುತ್ತೀಯ. ಅವರು ಮುಚ್ಚಿಡುತ್ತಿಲ್ಲ ಕಣೇ. ಕೆಲವು ಮಕ್ಕಳಿಗೆ ನಿಜವಾದ ಔಷಧಿ, ಕೆಲವರಿಗೆ ಅದೇ ಬಣ್ಣದ, ಅದೇ ರುಚಿಯ ನೀರು. ಯಾರಿಗೆ ಯಾವುದೆಂದು ಅವರಿಗೂ ತಿಳಿಸಿರುವುದಿಲ್ಲವಂತೆ. ಅವರಿಗೆ ಕಾಣುವುದು ಇಷ್ಟೇ: ಚೂಟಿಯ ಬಾಟಲಿಗಳು ಖಾಲಿಯಾಗಿ ಬರುತ್ತವೆ, ಚೂಟಿ ಮಾತ್ರ ಚೇತರಿಸುತ್ತಿಲ್ಲ. ಮುಂದಿನ ತಪಾಸಣೆಯಲ್ಲೂ ಹೀಗೇ ಇದ್ದರೆ ಅವರೇ ಅವಳನ್ನು ಕೈಬಿಡುತ್ತಾರೆ. ಆಮೇಲೆ ಅವಳಿಗೆ ಡಯಾಲಿಸಿಸ್ ಯಂತ್ರವೇ ಗತಿ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಅವಳನ್ನು ನೋಡಿ ಈ ಔಷಧಿ ಕೆಲಸಕ್ಕೆ ಬಾರದೆಂದು ಅವರು ತೀರ್ಮಾನಿಸಿದರೆ, ಇನ್ನೂ ಹುಟ್ಟದ ಯಾರದೋ ಮಕ್ಕಳ ಬಾಯಿಂದಲೂ ನಾವಿಬ್ಬರು ಅದನ್ನು ಕಿತ್ತುಕೊಂಡ ಹಾಗೆ.

ಆದ್ದರಿಂದ ಇನ್ನು ಕಳುಹಿಸಬೇಡ. ಹೇಗೂ ಗುಂಡನಿಗೆ ಅದು ಒಗ್ಗುತ್ತಿಲ್ಲ. ಬಾಯಿಗೆ ಹಾಕಿದರೆ ಸಾಕು, ವಾಂತಿ. ಎಷ್ಟೋ ಸಲ ಹಾಗೇ ಬಚ್ಚಲಿಗೆ ಸುರಿದಿದ್ದೇನೆ. ನಿನ್ನ ಮಗಳ ಪಾಲನ್ನು ಬಚ್ಚಲು ಕುಡಿಯುವುದು ಯಾವ ಪುರುಷಾರ್ಥಕ್ಕೆ? ಪೂರ್ತಿ ಅವಳಿಗೇ ಕುಡಿಸು, ತಪಾಸಣೆಗೆ ಕರೆದುಕೊಂಡು ಹೋಗು. ಅತ್ತರೂ ಬಿಡಬೇಡ.

ನನ್ನವರು ಮೊದಲಿಗಿಂತ ಮಾತು ಕಡಿಮೆ ಮಾಡಿದ್ದಾರೆ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಾರೆ. ಗುಂಡನಿಗೆ ಮಾತ್ರ ಬಾಯಿ ಜೋರು. ಚೂಟಿ ಅಕ್ಕನಿಗೆ ಚುಚ್ಚುವ ಸೂಜಿ ನನ್ನದಕ್ಕಿಂತ ದೊಡ್ಡದಾ ಎಂದು ಕೇಳುತ್ತಾನೆ. ಹೌದು ಎಂದರೆ ಹೊಟ್ಟೆಕಿಚ್ಚು ಪಡುತ್ತಾನೆ, ಅಲ್ಲ ಎಂದರೆ ನಂಬುವುದಿಲ್ಲ. ನಗು ಬರುತ್ತದೆ, ಆಮೇಲೆ ಅಳು ಬರುತ್ತದೆ. ನನ್ನ ಒರಟು ಮಾತನ್ನು ಹೊಟ್ಟೆಗೆ ಹಾಕಿಕೊ.

ಇಂತಿ,
ನಿನ್ನ ಜಗಳಗಂಟಿ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡದ್ದು. ಅಂಟಿಸಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮೇಲಿನದಷ್ಟನ್ನೇ ಓದಿದರೆ, ನೀರೇ ಇರಬೇಕು ಎಂದು ನೀನು ಚೂಟಿಯನ್ನು ಬಿಡಿಸಿಯೇ ಬಿಡುತ್ತೀಯ. ಅದು ನೀರಲ್ಲ ಅಕ್ಕ. ಗುಂಡ ಒಮ್ಮೆಯೂ ವಾಂತಿ ಮಾಡಿಲ್ಲ, ನಾನು ಒಂದು ತೊಟ್ಟೂ ಚೆಲ್ಲಿಲ್ಲ. ಅವನ ಕಾಲಿನ ಊತ ಇಳಿದಿದೆ. ನಿನ್ನೆ ಯಾರ ಕೈಯನ್ನೂ ಹಿಡಿಯದೆ ಬೀದಿಯ ಕೊನೆಯವರೆಗೆ ಓಡಿದ. ಅವನು ಚೂಟಿಯ ಅರ್ಧ ತೂಕವೂ ಇಲ್ಲ. ನೀನು ಕಳುಹಿಸುವ ಅರ್ಧವೇ ಅವನಿಗೆ ಪೂರ್ತಿಯಾಗಿದೆ, ಅವಳಿಗೆ ಉಳಿದ ಅರ್ಧ ಸಾಲುತ್ತಿಲ್ಲ. ಇಬ್ಬರಿಗೂ ಆಗುವಷ್ಟು ಅದರಲ್ಲಿಲ್ಲ. ಔಷಧಿ ಬಂದಿರುವುದು ಅವಳಿಗೆ. ಇವತ್ತಿನ ಬಾಟಲಿಯನ್ನು ಮುಚ್ಚಳ ತೆಗೆಯದೆ ಈ ಕಾಗದದ ಜೊತೆ ನನ್ನವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಯಾಕೆಂದು ಅವರಿಗೆ ಹೇಳಿಲ್ಲ, ನೀನೂ ಹೇಳಬೇಡ. ಮತ್ತೆ ಕಳುಹಿಸಿದರೆ ನಾನು ಬಾಗಿಲು ತೆಗೆಯುವುದಿಲ್ಲ. ಗುಂಡನಿಗೆ ಅದರ ರುಚಿ ಹಿಡಿಸಿದೆ, ಸಂಜೆಯಾದರೆ ತಾನಾಗಿ ಬಂದು ಬಾಯಿ ತೆರೆದು ನಿಲ್ಲುತ್ತಾನೆ. ಇವತ್ತು ಅವನಿಗೆ ಏನು ಹೇಳಲಿ ಎಂದು ನನಗೆ ಇನ್ನೂ ತೋಚಿಲ್ಲ.